ಕಂಪ್ಯೂಟರ್ ಲ್ಯಾಬ್‌ನಲ್ಲಿ ಕನ್ನಡ ಕಿರುಪರೀಕ್ಷೆ ನಡೆಸುವ ಬಗೆ

ಎಸ್‌ಎಸ್‌ಎಲ್‌ಸಿ ಪ್ರಥಮ ಭಾಷೆಯ ಲಿಖಿತ ಪರೀಕ್ಷೆ ಇಂದಿಗೂ ಕಾಗದದ ಮೇಲೆಯೇ ನಡೆಯುತ್ತದೆ. ಆದರೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಪ್ರೌಢಶಾಲೆಯೊಂದು ತನ್ನ ಕಿರುಪರೀಕ್ಷೆಗಳನ್ನು ಲ್ಯಾಬ್‌ನಲ್ಲಿ ನಡೆಸಲು ಅಡ್ಡಿಯೇನಿಲ್ಲ. ಇದರಿಂದ ಶಿಕ್ಷಕರ ಕೆಲಸ ಕಡಿಮೆಯಾಗುವುದಿಲ್ಲ. ಉತ್ತರಪತ್ರಿಕೆ ತಿದ್ದುವಾಗ ಬಳಸುತ್ತಿದ್ದ ವಿವೇಚನೆಯನ್ನು ಪರೀಕ್ಷೆಗೆ ಮೊದಲೇ ಬಳಸಿ ಮುಗಿಸಬೇಕಾಗುತ್ತದೆ.

‘ಮಳೆಗಾಲ’ ಯಾವ ಸಂಧಿ ಎಂಬ ಪ್ರಶ್ನೆಗೆ ಒಬ್ಬ ವಿದ್ಯಾರ್ಥಿ ‘ಆದೇಶ ಸಂಧಿ’ ಎಂದೂ ಇನ್ನೊಬ್ಬಳು ‘ಆದೇಶಸಂಧಿ’ ಎಂದೂ ಮತ್ತೊಬ್ಬ ಬರಿದೆ ‘ಆದೇಶ’ ಎಂದೂ ಬರೆದರೆ ಶಿಕ್ಷಕರು ಮೂವರಿಗೂ ಅಂಕ ಕೊಡುತ್ತಾರೆ, ಆದರೆ ಅಕ್ಷರಕ್ಕೆ ಅಕ್ಷರ ಹೋಲಿಸುವ ತಂತ್ರಾಂಶ ಒಬ್ಬರಿಗೆ ಮಾತ್ರ ಕೊಡುತ್ತದೆ. ಆದ್ದರಿಂದ ಬಿಟ್ಟ ಸ್ಥಳ ತುಂಬುವ ಪ್ರತಿ ಪ್ರಶ್ನೆಗೂ ಒಪ್ಪಬಹುದಾದ ರೂಪಗಳನ್ನೆಲ್ಲ ಮಾದರಿ ಉತ್ತರದಲ್ಲಿ ಸೇರಿಸಬೇಕು. ಬಹು ಆಯ್ಕೆಯ ಪ್ರಶ್ನೆಯಾದರೆ ತಪ್ಪು ಆಯ್ಕೆಗಳನ್ನು ಹಿಂದಿನ ವರ್ಷದ ಮಕ್ಕಳು ನಿಜವಾಗಿ ಮಾಡಿದ ತಪ್ಪುಗಳಿಂದಲೇ ಆರಿಸಿಕೊಳ್ಳುವುದು ಲೇಸು.

ಕಣ್ಣಿಗೆ ಕಾಣದ ತೊಡಕೂ ಒಂದಿದೆ. ‘ಶಿವಮೊಗ್ಗ’ದ ಒಕಾರದ ಚಿಹ್ನೆಯನ್ನು, ಕಂಪ್ಯೂಟರ್ ಅಕ್ಷರಗಳನ್ನು ಗುರುತಿಸಲು ಬಳಸುವ ಯೂನಿಕೋಡ್ ಸಂಕೇತ ಪದ್ಧತಿಯಲ್ಲಿ ಒಂದೇ ಸಂಕೇತವಾಗಿಯೂ ಎರಡು ಸಂಕೇತಗಳ ಜೋಡಣೆಯಾಗಿಯೂ ದಾಖಲಿಸಬಹುದು. ಪರದೆಯಲ್ಲಿ ಎರಡೂ ಒಂದೇ ಆಗಿ ಕಂಡರೂ, ಅವನ್ನು ಏಕರೂಪಕ್ಕೆ ತಾರದ ತಂತ್ರಾಂಶ ಸರಿಯುತ್ತರವನ್ನೇ ತಪ್ಪೆಂದು ಗುರುತಿಸುತ್ತದೆ. ಅನುಸ್ವಾರದ ಬದಲು ಅಂಕಿಯ ಸೊನ್ನೆ ಒತ್ತುವ ರೂಢಿಯೂ ಮಕ್ಕಳಲ್ಲಿದೆ. ಹಳೆಯ ಪ್ರಶ್ನೆಗಳು ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಯೂನಿಕೋಡ್‌ಪೂರ್ವ ಫಾಂಟುಗಳಲ್ಲಿದ್ದರೆ ಮೊದಲು ಅವನ್ನು ಪರಿವರ್ತಿಸಿ, ಒತ್ತಕ್ಷರಗಳನ್ನೂ ಅರ್ಕಾವತ್ತನ್ನೂ ಒಂದೊಂದಾಗಿ ಓದಿ ನೋಡಬೇಕು.

ಬೆರಳಚ್ಚಿನ ವೇಗ ಕನ್ನಡದ ಜ್ಞಾನವಲ್ಲ. ಒತ್ತಕ್ಷರ ಮೂಡಿಸಲು ‘ನುಡಿ’ ಕೀಲಿಮಣೆ ವಿನ್ಯಾಸದಲ್ಲಿ ‘ಎಫ್’ ಕೀಲಿಯನ್ನೂ ಇನ್‌ಸ್ಕ್ರಿಪ್ಟ್ ಎಂಬ ಇನ್ನೊಂದು ವಿನ್ಯಾಸದಲ್ಲಿ ‘ಡಿ’ ಕೀಲಿಯನ್ನೂ ಒತ್ತಬೇಕೆಂಬುದು ಮೊಬೈಲಿನಲ್ಲಿ ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಬರೆಯುವ ಮಗುವಿಗೆ ತಿಳಿದಿರುವುದಿಲ್ಲ. ಶಾಲೆ ಒಂದೇ ವಿನ್ಯಾಸವನ್ನು ಆರಿಸಿಕೊಂಡು ಅಂಕಗಳಿಲ್ಲದ ಅಭ್ಯಾಸ ಮಾಡಿಸಿದ ಮೇಲೆಯೇ ಪರೀಕ್ಷೆ ಇಡಬೇಕು. ಮನೆಯಲ್ಲಿ ಕಂಪ್ಯೂಟರ್ ಇರುವವರು, ಇಲ್ಲದವರು ಎಂಬ ಅಂತರ ಅಂಕಪಟ್ಟಿಗೆ ಇಳಿಯದಂತೆ ತಡೆಯಲು ನನಗೆ ತೋರುವ ದಾರಿ ಇದೊಂದೇ.

ಪ್ರಬಂಧ, ಪತ್ರಲೇಖನ, ಪದ್ಯದ ಭಾವಾರ್ಥಗಳನ್ನು ಕಾಗದದಲ್ಲೇ ಬರೆಸಿ ಶಿಕ್ಷಕರೇ ತಿದ್ದುವುದು ಸರಿ. ಇಂಗ್ಲಿಷ್ ಬಲ್ಲಿಕೆಯನ್ನು ಅಳೆಯುವ ಅಮೆರಿಕದ ಟೋಫೆಲ್ ಪರೀಕ್ಷೆ 1998ರಲ್ಲಿ ಕಂಪ್ಯೂಟರಿಗೂ 2005ರಲ್ಲಿ ಅಂತರಜಾಲಕ್ಕೂ ಬಂದಿತಾದರೂ, ಅಲ್ಲಿಯೂ ಬರವಣಿಗೆಯ ಮೌಲ್ಯಮಾಪನದಿಂದ ಮನುಷ್ಯರನ್ನು ಪೂರ್ತಿ ಕೈಬಿಟ್ಟಿರಲಿಲ್ಲ.

ಆಲಿಸುವ ಪರೀಕ್ಷೆಗೆ ಕಂಪ್ಯೂಟರ್ ನಿಜಕ್ಕೂ ಅನುಕೂಲ: ಗದ್ಯಭಾಗವನ್ನು ಶಿಕ್ಷಕರೇ ಓದಿ ಧ್ವನಿಮುದ್ರಿಸಿದರೆ ಎಲ್ಲರಿಗೂ ಒಂದೇ ಓದು, ಒಂದೇ ವೇಗ ಸಿಗುತ್ತದೆ. ಆದರೆ ಆಗುಂಬೆಯ ಸುತ್ತಿನ ಆಷಾಢದ ಮಳೆ ತಗಡಿನ ಮಾಡಿಗೆ ಹೊಡೆಯುವಾಗ ಹೆಡ್‌ಫೋನ್ ಇದ್ದರೂ ಮಾತು ಕೇಳಿಸದು. ಅದನ್ನು ದೀಪಾವಳಿಯ ನಂತರಕ್ಕೆ ಇಟ್ಟುಕೊಳ್ಳಬೇಕು. ಮರ ಬಿದ್ದು ಕರೆಂಟು ಹೋಗುವುದು ಮಲೆನಾಡಿಗೆ ಹೊಸದಲ್ಲವಾದ್ದರಿಂದ ಇಂಟರ್‌ನೆಟ್ ನೆಚ್ಚದೆ ಲ್ಯಾಬ್‌ನೊಳಗಿನ ಸರ್ವರ್‌ನಿಂದಲೇ ನಡೆಯುವ, ಪ್ರತಿ ಉತ್ತರವನ್ನೂ ಆಗಿಂದಾಗಲೇ ಉಳಿಸುವ ತಂತ್ರಾಂಶವನ್ನೂ ಒಳ್ಳೆಯ ಯುಪಿಎಸ್ ಅನ್ನೂ ಹೊಂದಿಸಿಕೊಳ್ಳಬೇಕು.

ಪರೀಕ್ಷೆ ಮುಗಿದ ಮೇಲೆ ಒಟ್ಟು ಅಂಕಕ್ಕಿಂತ ಪ್ರಶ್ನೆವಾರು ವರದಿಯನ್ನು ಗಮನಿಸಬೇಕು. ಚೆನ್ನಾಗಿ ಓದುವವರೇ ಒಂದು ಪ್ರಶ್ನೆಯಲ್ಲಿ ಒಟ್ಟಾಗಿ ಎಡವಿದ್ದರೆ ದೋಷ ಪ್ರಶ್ನೆಯಲ್ಲೋ ಮಾದರಿ ಉತ್ತರದಲ್ಲೋ ಇರುವ ಸಂಭವ ಹೆಚ್ಚು. ಅಂಥದನ್ನು ಸರಿಪಡಿಸಿ, ಎಲ್ಲರ ಅಂಕವನ್ನೂ ಮತ್ತೆ ಲೆಕ್ಕ ಹಾಕಿಸಿದ ನಂತರವೇ ಫಲಿತಾಂಶ ಪ್ರಕಟಿಸಬೇಕು.