ಎಂಟು ಎಮ್ಮೆ, ಒಂದೇ ಬೆಳಗ್ಗೆ

ಆಕಳು ಬೆದೆಗೆ ಬಂದರೆ ಓಣಿಗೆಲ್ಲ ಗೊತ್ತಾಗುತ್ತದೆ. ಕೂಗುತ್ತದೆ, ಪಕ್ಕದ ಆಕಳ ಮೇಲೆ ಹತ್ತುತ್ತದೆ, ಲೋಳೆ ದಾರದ ಹಾಗೆ ಇಳಿಬೀಳುತ್ತದೆ. ಎಮ್ಮೆ ಹಾಗಲ್ಲ. ಒಂದರ ಮೇಲೊಂದು ಹತ್ತುವುದು ಅಪರೂಪ. ಲೋಳೆ ಒಳಗೇ ನಿಂತಿರುತ್ತದೆ, ಮಲಗಿದಾಗ ಸ್ವಲ್ಪ ನೆಲಕ್ಕೆ ಬೀಳುತ್ತದೆ. ಬೆಳಗ್ಗೆ ಕೊಟ್ಟಿಗೆ ಬಳಿಯುವಾಗ ಅದು ಸಗಣಿ ಜೊತೆ ಹೋಗಿಬಿಡುತ್ತದೆ. ಎಷ್ಟೋ ಎಮ್ಮೆಗಳು ರಾತ್ರಿ ಹೊತ್ತು ಬೆದೆಗೆ ಬಂದು, ಬೆಳಗಾಗುವಷ್ಟರಲ್ಲಿ ತಣ್ಣಗಾಗಿರುತ್ತವೆ. ಅದಕ್ಕೇ ಇದನ್ನು ಮೂಕ ಬೆದೆ ಅನ್ನುತ್ತಾರೆ. ಒಂದು ಸಲ ತಪ್ಪಿದರೆ ಮತ್ತೆ 21 ದಿನ ಕಾಯಬೇಕು. ಮೂರು ಸಲ ತಪ್ಪಿದರೆ ಎರಡು ತಿಂಗಳ ಮೇವು, ಹಿಂಡಿ ಎಲ್ಲ ನೀರಿಗೆ ಹೋದ ಹಾಗೆ.

ನನ್ನದು ಗೋಕಾಕ ತಾಲ್ಲೂಕು. ಘಟಪ್ರಭಾ ಕಾಲುವೆ ನೀರು, ಕಬ್ಬಿನ ಹೊಲ, ಮನೆಯಲ್ಲಿ ಹದಿನಾಲ್ಕು ಎಮ್ಮೆ. ಹೆಚ್ಚಿನವು ಮುರ್ರಾ ಮಿಶ್ರ ತಳಿ. ಮೊದಲು ನಾವು ನಂಬಿಕೊಂಡಿದ್ದು ಊರಿನ ದೇವರ ಕೋಣವನ್ನು. ಅದಕ್ಕೆ ಮೂಕ ಬೆದೆಯೂ ತಿಳಿಯುತ್ತದೆ, ಮೂಗಿನಲ್ಲೇ ಕಂಡುಹಿಡಿಯುತ್ತದೆ. ಆದರೆ ಒಂದೇ ಕೋಣ ವರ್ಷಗಟ್ಟಲೆ ಊರಿನ ಎಲ್ಲ ಎಮ್ಮೆಗಳ ಮೇಲೆ ಹೋದರೆ ಅದರ ಮಗಳ ಮೇಲೂ ಅದೇ ಹೋಗುತ್ತದೆ, ಅಲ್ವಾ? ನನಗೆ ಒಳ್ಳೆಯ ಮುರ್ರಾ ಕೋಣದ ವೀರ್ಯವೇ ಬೇಕಿತ್ತು. ವೀರ್ಯ ತುಂಬಿದ ಕಡ್ಡಿ ಸಿಗುತ್ತಿತ್ತು. ಸಿಗದೇ ಇದ್ದದ್ದು ಬೆದೆ.

ಬೆದೆಯನ್ನೇ ನೋಡದೆ ಗಡಿಯಾರ ನೋಡಿ ಕೃತಕ ಗರ್ಭಧಾರಣೆ ಮಾಡಿಸಬಹುದು ಎಂದು ಹೇಳಿದ್ದು ನಮ್ಮ ಕಡೆಯ ಒಬ್ಬರು ಪಶುವೈದ್ಯರು. ಅದರ ಲೆಕ್ಕ ಹೀಗಿದೆ. ಸೊನ್ನೆ ಅಂತ ಎಣಿಸುವ ಶುರುವಿನ ದಿನ ಜಿಎನ್‌ಆರ್‌ಎಚ್ ಎಂಬ ಹಾರ್ಮೋನಿನ ಚುಚ್ಚುಮದ್ದು. ಅಂಡಾಶಯದಲ್ಲಿ ಬಲಿತ ಗುಳ್ಳೆ ಇದ್ದರೆ ಅದು ಒಡೆದು ಮೊಟ್ಟೆ ಬಿಡುತ್ತದೆ, ಆ ಜಾಗದಲ್ಲಿ ಹಳದಿ ಗಂಟು ಬೆಳೆಯುತ್ತದೆ. ಅದರ ಜೊತೆಗೇ ಹೊಸ ಗುಳ್ಳೆಗಳು ಏಳಲು ಶುರುವಾಗುತ್ತವೆ. ಏಳನೇ ದಿನ ಪ್ರೊಸ್ಟಾಗ್ಲಾಂಡಿನ್ ಎಂಬ ಇನ್ನೊಂದು ಮದ್ದು ಕೊಟ್ಟರೆ ಹಳದಿ ಗಂಟು ಕರಗುತ್ತದೆ. ಒಂಬತ್ತನೇ ದಿನ ಮತ್ತೆ ಜಿಎನ್‌ಆರ್‌ಎಚ್. ಅದಾದ 16ರಿಂದ 20 ಗಂಟೆಯೊಳಗೆ ವೀರ್ಯ ಹಾಕಬೇಕು. ಎಮ್ಮೆ ಕೂಗಲಿ ಬಿಡಲಿ, ಮೊಟ್ಟೆ ಬಿಡುವ ಹೊತ್ತು ನಮ್ಮ ಕೈಯಲ್ಲಿರುತ್ತದೆ. ಓವ್‌ಸಿಂಕ್ ಎಂಬ ಈ ವಿಧಾನವನ್ನು ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದವರು 1995ರಲ್ಲಿ ಹಾಲಿನ ಆಕಳುಗಳಿಗೆ ಅಂತ ಪ್ರಕಟಿಸಿದರು. ಅಲ್ಲಿ ಮಾಂಸಕ್ಕಾಗಿ ಸಾಕುವ ದನಗಳಿಗೂ ಇದರದ್ದೇ ಒಂದು ರೂಪ ನಡೆಯುತ್ತದೆ. ಬಯಲಲ್ಲಿ ಮೇಯುವ ನೂರಾರು ದನಗಳನ್ನು ಪದೇ ಪದೇ ಕೂಡಿಹಾಕುವುದು ಕಷ್ಟ. ಅದಕ್ಕೆ ಅವರು ಕೊನೆಯ ಚುಚ್ಚುಮದ್ದನ್ನೂ ಗರ್ಭಧಾರಣೆಯನ್ನೂ ಒಂದೇ ಹೊತ್ತಿಗೆ ಮುಗಿಸುತ್ತಾರೆ. ನಮಗೆ ಆ ತೊಂದರೆ ಇಲ್ಲ. ನಮ್ಮ ಎಮ್ಮೆ ಗೂಟದಲ್ಲೇ ಇರುತ್ತದೆ.

2022ರ ಮೇ ತಿಂಗಳಲ್ಲಿ ಆರು ಎಮ್ಮೆಗಳಿಗೆ ಮೊದಲ ಸಲ ಮಾಡಿಸಿದೆ. ಗಬ್ಬ ನಿಂತದ್ದು ಒಂದೇ ಒಂದು. ಅವತ್ತು ತುಂಬಾ ನೋವಾಯಿತು. ಮನೆಯಲ್ಲಿ ಕೋಣಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು ಅಂದರು. ಔಷಧಿಯೇ ಸರಿ ಇಲ್ಲ ಎಂದು ನಾನೂ ಕೆಲವು ದಿನ ನಂಬಿದ್ದೆ. ಆಮೇಲೆ ವೈದ್ಯರ ಜೊತೆ ಕೂತು ಒಂದೊಂದೇ ಎಮ್ಮೆಯ ಲೆಕ್ಕ ತೆಗೆದಾಗ ಗೊತ್ತಾಯಿತು, ಔಷಧಿ ಕೆಲಸ ಮಾಡಲು ಬೇಕಾದ ಏನನ್ನೂ ನಾನು ಸಿದ್ಧ ಮಾಡಿರಲಿಲ್ಲ.

ಮೊದಲನೆಯದು, ಕಾಲ. ಹಗಲು ಕಡಿಮೆಯಾಗುತ್ತಾ ಹೋಗುವ ತಿಂಗಳುಗಳಲ್ಲಿ ಎಮ್ಮೆಯ ಅಂಡಾಶಯ ಚುರುಕಾಗುತ್ತದೆ. ಮಳೆಗಾಲ ಮುಗಿಯುವ ಹೊತ್ತಿನಿಂದ ಚಳಿಗಾಲದವರೆಗೆ ಅದರ ಹಂಗಾಮು. ಮೇ ತಿಂಗಳ ಬಿಸಿಲಲ್ಲಿ ಎಷ್ಟೋ ಎಮ್ಮೆಗಳ ಅಂಡಾಶಯ ಮಲಗಿಬಿಟ್ಟಿರುತ್ತದೆ. ಬಲಿತ ಗುಳ್ಳೆಯೇ ಇಲ್ಲದಿದ್ದರೆ ಮೊದಲ ಚುಚ್ಚುಮದ್ದು ಏನನ್ನು ಒಡೆಯಬೇಕು? ಹಳದಿ ಗಂಟೇ ಇಲ್ಲದಿದ್ದರೆ ಎರಡನೆಯದು ಏನನ್ನು ಕರಗಿಸಬೇಕು?

ಎರಡನೆಯದು, ಮೈ. ಆರರಲ್ಲಿ ಮೂರು ಎಮ್ಮೆ ಕರು ಹಾಕಿ ಎರಡು ತಿಂಗಳೂ ಆಗಿರಲಿಲ್ಲ. ಪಕ್ಕೆಲುಬು ಎಣಿಸಬಹುದಿತ್ತು. ಕರುಗಳು ದಿನವೆಲ್ಲ ಕೆಚ್ಚಲಲ್ಲೇ ಇರುತ್ತಿದ್ದವು. ಕರು ಜಾಸ್ತಿ ಉಂಡಷ್ಟೂ ತಾಯಿ ಬೆದೆಗೆ ಬರುವುದು ತಡವಾಗುತ್ತದೆ. ಮೇವು ಅಂದರೆ ಬರೀ ಕಬ್ಬಿನ ಸೋಗೆ, ನಮ್ಮ ಕಡೆ ಅದಕ್ಕೆ ವಾಡೆ ಅನ್ನುತ್ತೇವೆ. ಸುಮ್ನೆ ಸಿಗುತ್ತದೆ ಅಂತ ಹೊಟ್ಟೆ ತುಂಬಾ ಹಾಕುತ್ತಿದ್ದೆ. ಅದರಲ್ಲಿ ಆಕ್ಸಲೇಟ್ ಇರುತ್ತದೆ, ಮೇವಿನ ಕ್ಯಾಲ್ಸಿಯಂ ಅನ್ನು ಮೈಗೆ ಹತ್ತದಂತೆ ಹಿಡಿದಿಡುತ್ತದೆ. ರಂಜಕವೂ ಸಾಲುವುದಿಲ್ಲ. ಹೊಟ್ಟೆ ತುಂಬಿದ್ದರೂ ಎಮ್ಮೆ ಒಳಗೆ ಬಡವಾಗಿರುತ್ತದೆ.

ಮೂರನೆಯದು ಕೈತಪ್ಪು. ಏಳನೇ ದಿನ ಬರಬೇಕಾದವರು ಎಂಟನೇ ದಿನ ಬಂದರು. ಒಂದು ದಿನ ತಾನೇ ಅಂದೆ. ಗರ್ಭಧಾರಣೆಯ ದಿನ ಆರೂ ಕಡ್ಡಿಗಳನ್ನು ಒಟ್ಟಿಗೆ ಒಂದೇ ಬೋಗುಣಿಯ ನೀರಲ್ಲಿ ಬಿಟ್ಟಿದ್ದರು. ಕೊನೆಯ ಎಮ್ಮೆಯ ಸರದಿ ಬರುವಷ್ಟರಲ್ಲಿ ಮುಕ್ಕಾಲು ಗಂಟೆ ಆಗಿತ್ತು. ಅದು ತಪ್ಪು ಎಂದು ಹೇಳುವಷ್ಟು ತಿಳಿವಳಿಕೆ ಆಗ ನನಗೆ ಇರಲಿಲ್ಲ.

ಆ ವರ್ಷ ಮತ್ತೆ ಪ್ರಯತ್ನ ಮಾಡಲಿಲ್ಲ. ಮಳೆಗಾಲದಲ್ಲಿ ದನಗಳಿಗೆ ಚರ್ಮಗಂಟು ರೋಗ ಹರಡಿತು. ವೈದ್ಯರಿಗೆ ಲಸಿಕೆ ಹಾಕುವುದರಲ್ಲೇ ಪುರುಸೊತ್ತಿರಲಿಲ್ಲ.

2023ರ ಜುಲೈಯಿಂದ ಸಿದ್ಧತೆ ಶುರು ಮಾಡಿದೆ. ಆ ವರ್ಷ ಮಳೆ ಕೈಕೊಟ್ಟಿತ್ತು, ಮೇವು ದುಬಾರಿ. ಆದರೂ ವಾಡೆ ಅರ್ಧಕ್ಕೆ ಇಳಿಸಿ ಹಸಿ ಜೋಳ, ಹೊಟ್ಟು ಸೇರಿಸಿದೆ. ದಿನಕ್ಕೆ ಒಂದು ಎಮ್ಮೆಗೆ 50 ಗ್ರಾಂ ಖನಿಜ ಮಿಶ್ರಣ. ಜಂತಿನ ಔಷಧಿ ಕುಡಿಸಿದೆ. ಕರುಗಳನ್ನು ಬೇರೆ ಕಟ್ಟಿ, ಹಿಂಡುವ ಹೊತ್ತಿಗೆ ಮಾತ್ರ ಬಿಡಲು ಶುರು ಮಾಡಿದೆ. ಮಧ್ಯಾಹ್ನ ಮೈಮೇಲೆ ಪೈಪಿನಿಂದ ನೀರು. ಎರಡು ತಿಂಗಳಲ್ಲಿ ಮೈ ಮಿಂಚಲು ಶುರುವಾಯಿತು. ನನ್ನ ಮಟ್ಟಿಗೆ ಇಡೀ ಕೆಲಸದ ಮುಕ್ಕಾಲು ಭಾಗ ಇದೇ. ಚುಚ್ಚುಮದ್ದು ಗಬ್ಬ ತರುವುದಿಲ್ಲ, ಹೊತ್ತನ್ನು ಮಾತ್ರ ತರುತ್ತದೆ. ಆ ಹೊತ್ತಿಗೆ ಎಮ್ಮೆ ತಯಾರಿರಬೇಕು.

ಗಣೇಶ ಚೌತಿ ಮುಗಿದ ಮೇಲೆ ವೈದ್ಯರು ಬಂದು ಹನ್ನೊಂದು ಎಮ್ಮೆಗಳನ್ನು ಕೈಹಾಕಿ ನೋಡಿದರು. ಈ ಒಂದು ಕೆಲಸ ಬಿಟ್ಟಿದ್ದರೆ ದೊಡ್ಡ ಅನಾಹುತ ಆಗುತ್ತಿತ್ತು. ಖಾಲಿ ಅಂತ ನಾನು ಪಟ್ಟಿಯಲ್ಲಿ ಸೇರಿಸಿದ್ದ ಒಂದು ಎಮ್ಮೆಗೆ ಮೂರು ತಿಂಗಳು ತುಂಬಿತ್ತು! ಯಾವಾಗಲೋ ಹಗ್ಗ ಬಿಚ್ಚಿಕೊಂಡು ಹೋದಾಗ ದೇವರ ಕೋಣದ ಜೊತೆ ಸೇರಿರಬೇಕು. ಅದಕ್ಕೆ ಪ್ರೊಸ್ಟಾಗ್ಲಾಂಡಿನ್ ಕೊಟ್ಟಿದ್ದರೆ ಕಂದು ಹಾಕುತ್ತಿತ್ತು. ಇನ್ನೊಂದಕ್ಕೆ ಗರ್ಭಕೋಶದಲ್ಲಿ ಕೀವು ಇತ್ತು, ಅದನ್ನು ಚಿಕಿತ್ಸೆಗೆ ಬಿಟ್ಟರು. ಮತ್ತೊಂದು ಇನ್ನೂ ಬಡಕಲು. ಉಳಿದದ್ದು ಎಂಟು. ಇನ್ನೂ ಕರು ಹಾಕದ ಮಣಕಗಳನ್ನು ಸೇರಿಸಲಿಲ್ಲ. ಈ ವಿಧಾನ ಅವುಗಳಲ್ಲಿ ಅಷ್ಟಾಗಿ ಹಿಡಿಯುವುದಿಲ್ಲ ಎಂದು ವೈದ್ಯರೇ ಬೇಡ ಅಂದರು.

ಈ ಸಲ ಚುಚ್ಚುಮದ್ದಿನ ಜೊತೆ ಯೋನಿಯೊಳಗೆ ಇಡುವ ಪ್ರೊಜೆಸ್ಟರಾನ್ ಸಾಧನವನ್ನೂ ಬಳಸಿದೆವು, ಹಳದಿ ಗಂಟು ಬಿಡುವ ಹಾರ್ಮೋನೇ ಅದು. ಅಂಡಾಶಯ ಅರೆನಿದ್ದೆಯಲ್ಲಿರುವ ಎಮ್ಮೆಗೂ ಅದು ಏಳು ದಿನ ಹಳದಿ ಗಂಟು ಇದ್ದ ಹಾಗೇ ಅನ್ನಿಸುತ್ತದೆ. ತೆಗೆದ ತಕ್ಷಣ ಹಾರ್ಮೋನು ಇಳಿದು, ಮುಂದಿನ ಗುಳ್ಳೆ ಬಲಿಯಲು ದಾರಿ ಆಗುತ್ತದೆ. ಖರ್ಚು ಜಾಸ್ತಿ, ಆದರೆ ಎಮ್ಮೆಗೆ ಅದು ಬೇಕು ಅನ್ನುವುದು ನನ್ನ ಅಭಿಪ್ರಾಯ.

ಎಲ್ಲ ಹೊತ್ತನ್ನೂ ಹಿಂದಿನಿಂದ ಲೆಕ್ಕ ಹಾಕಿದೆವು. ವೀರ್ಯ ಹಾಕುವುದು ಬೆಳಗ್ಗೆ ತಂಪಿನಲ್ಲಿ ಆಗಬೇಕು, ಹಾಗಾದರೆ ಕೊನೆಯ ಚುಚ್ಚುಮದ್ದು ಹಿಂದಿನ ಸಂಜೆ ಐದಕ್ಕೆ. ಅದಕ್ಕಿಂತ 48 ಗಂಟೆ ಮೊದಲು ಸಾಧನ ತೆಗೆಯುವುದು, ಅದೂ ಸಂಜೆ ಐದಕ್ಕೆ. ಸೆಪ್ಟೆಂಬರ್ 25, ಸೋಮವಾರ ಸಂಜೆ ಸಾಧನ ಇಟ್ಟು 10 ಮೈಕ್ರೋಗ್ರಾಂ ಬುಸೆರೆಲಿನ್, ಇದು ಜಿಎನ್‌ಆರ್‌ಎಚ್ ಬಗೆಯ ಮದ್ದು. ಮುಂದಿನ ಸೋಮವಾರ ಅಕ್ಟೋಬರ್ 2, ಸಾಧನ ತೆಗೆದು 500 ಮೈಕ್ರೋಗ್ರಾಂ ಕ್ಲೋಪ್ರೊಸ್ಟೆನಾಲ್, ಇದು ಪ್ರೊಸ್ಟಾಗ್ಲಾಂಡಿನ್ ಬಗೆಯದು. ಬುಧವಾರ ಸಂಜೆ ಮತ್ತೆ ಬುಸೆರೆಲಿನ್. ಗುರುವಾರ ಬೆಳಗ್ಗೆ ಒಂಬತ್ತಕ್ಕೆ ಗರ್ಭಧಾರಣೆ. ಕ್ಯಾಲೆಂಡರ್ ಮುಂದಿಟ್ಟುಕೊಂಡಾಗಲೇ ಕಂಡಿದ್ದು, ಅಕ್ಟೋಬರ್ 2 ಗಾಂಧಿ ಜಯಂತಿ, ಆಸ್ಪತ್ರೆಗೆ ರಜೆ. ಮೊದಲೇ ಕೇಳಿಕೊಂಡಿದ್ದರಿಂದ ವೈದ್ಯರು ರಜೆ ದಿನವೂ ಬಂದರು. ಆ ಉಪಕಾರ ಮರೆಯಲಾರೆ.

ಸಾಧನ ಇಡುವಾಗ ಹಿಂಭಾಗವನ್ನು ಚೆನ್ನಾಗಿ ತೊಳೆದು ಒರೆಸಬೇಕು. ಪ್ರತಿ ಎಮ್ಮೆಗೂ ಕೊಳವೆಯನ್ನು ಔಷಧಿ ನೀರಲ್ಲಿ ಅದ್ದಬೇಕು. ಹೊರಗೆ ನೇತಾಡುವ ದಾರವನ್ನು ಗಿಡ್ಡ ಕತ್ತರಿಸಿ. ನಾವು ಒಂದರಲ್ಲಿ ಉದ್ದ ಬಿಟ್ಟಿದ್ದೆವು, ಪಕ್ಕದ ಕರು ಅದನ್ನು ಕಚ್ಚಿ ಎಳೆದಿರಬೇಕು. ನಾಲ್ಕನೇ ದಿನ ಸಾಧನ ಸಗಣಿ ಕಾಲುವೆಯಲ್ಲಿ ಬಿದ್ದಿತ್ತು. ತೆಗೆಯುವಾಗ ಬೆಳ್ಳಗೆ ಸ್ವಲ್ಪ ಸ್ರಾವ ಬರುತ್ತದೆ, ಅದಕ್ಕೆ ಹೆದರಬೇಡಿ. ಹೆದರಬೇಕಾದದ್ದು ಪ್ರೊಸ್ಟಾಗ್ಲಾಂಡಿನ್‌ಗೆ. ಅದು ಚರ್ಮದ ಮೂಲಕವೇ ಮೈಗೆ ಇಳಿಯುತ್ತದೆ. ಬಸುರಿ ಹೆಂಗಸರು, ಉಬ್ಬಸ ಇರುವವರು ಅದನ್ನು ಮುಟ್ಟಲೇಬಾರದು. ಕೊಟ್ಟಿಗೆ ಕೆಲಸ ಹೆಚ್ಚಾಗಿ ಮಾಡುವುದು ಹೆಂಗಸರೇ, ಅದಕ್ಕೆ ಇದನ್ನು ಒತ್ತಿ ಹೇಳುತ್ತಿದ್ದೇನೆ. ಅವತ್ತು ನನ್ನ ಸೊಸೆಯನ್ನು ಕೊಟ್ಟಿಗೆ ಹತ್ತಿರ ಬಿಡಲಿಲ್ಲ. ಸೂಜಿ, ಬಾಟಲಿ ಎಲ್ಲವನ್ನೂ ವೈದ್ಯರೇ ಕೈಗವಸು ಹಾಕಿಕೊಂಡು ವಾಪಸ್ ಒಯ್ದರು.

ಗುರುವಾರ ಬೆಳಗ್ಗೆ ಎಂಟೂ ಎಮ್ಮೆಗಳನ್ನು ನೆರಳಲ್ಲಿ ಕಟ್ಟಿದ್ದೆ. ಬಿಸಿ ನೀರು, ತಣ್ಣೀರು, ಒಂದು ಥರ್ಮಾಮೀಟರ್, ಒಂದು ಥರ್ಮಾಸ್ ಫ್ಲಾಸ್ಕ್. ಕಡ್ಡಿ ಇರುವುದು ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ. ತೆಗೆದದ್ದೇ 37 ಡಿಗ್ರಿ ನೀರಿಗೆ, 30 ಸೆಕೆಂಡ್. ಬೆರಳಲ್ಲಿ ಮುಟ್ಟಿ ಉಗುರುಬೆಚ್ಚಗಿದೆ ಅನ್ನುವ ಅಂದಾಜು ಸಾಲುವುದಿಲ್ಲ. ಒಮ್ಮೆಗೆ ಎರಡೇ ಕಡ್ಡಿ, ಅವೆರಡು ಮುಗಿದ ಮೇಲೆ ಮುಂದಿನ ಎರಡು. ಕಡ್ಡಿಯನ್ನು ಒರೆಸಿ ಒಣಗಿಸಿಯೇ ಕತ್ತರಿಸಬೇಕು, ಒಂದು ಹನಿ ನೀರು ಸೇರಿದರೂ ವೀರ್ಯಾಣು ಸಾಯುತ್ತವೆ. ಎಂಟು ಎಮ್ಮೆಗೆ ಒಂದು ಗಂಟೆ ಹತ್ತು ನಿಮಿಷ ಹಿಡಿಯಿತು. ಐದು ಎಮ್ಮೆಗಳಲ್ಲಿ ಕೈ ಹಾಕಿದ ಕೂಡಲೇ ತಿಳಿ ಲೋಳೆ ಸುರಿಯಿತು. ಹೊರಗಿನಿಂದ ನೋಡಿದರೆ ಅವುಗಳಲ್ಲಿ ಒಂದೂ ಬೆದೆಯಲ್ಲಿರುವ ಹಾಗೆ ಕಾಣುತ್ತಿರಲಿಲ್ಲ, ಸುಮ್ಮನೆ ಮೆಲುಕು ಹಾಕುತ್ತಿದ್ದವು. ಇಷ್ಟು ವರ್ಷ ನಾನು ಎಷ್ಟು ಬೆದೆ ಕಳೆದುಕೊಂಡಿರಬಹುದು ಎಂದು ಅವತ್ತು ಅರ್ಥವಾಯಿತು.

ಇದರ ಇನ್ನೊಂದು ಲಾಭ ನನಗೆ ಮೊದಲು ಹೊಳೆದಿರಲಿಲ್ಲ. ಗಬ್ಬ ನಿಲ್ಲದ ಎಮ್ಮೆಗಳು ಮತ್ತೆ ಬೆದೆಗೆ ಬರುವುದೂ ಹೆಚ್ಚುಕಡಿಮೆ ಒಟ್ಟಿಗೆ. 18ನೇ ದಿನದಿಂದ 24ನೇ ದಿನದವರೆಗೆ ಕಣ್ಣಿಟ್ಟರೆ ಸಾಕು. ಆ ಒಂದು ವಾರ ರಾತ್ರಿ ಹನ್ನೊಂದಕ್ಕೆ, ಬೆಳಗಿನ ಜಾವ ನಾಲ್ಕಕ್ಕೆ ಬ್ಯಾಟರಿ ಹಿಡಿದು ಕೊಟ್ಟಿಗೆಗೆ ಹೋದೆ. ಬಾಲ ಎತ್ತುವುದು, ಪದೇ ಪದೇ ಉಚ್ಚೆ ಹೊಯ್ಯುವುದು, ಹಾಲು ಕಡಿಮೆಯಾಗುವುದು, ಹೀಗೆ ಮೂರು ಎಮ್ಮೆ ಸಿಕ್ಕವು. ಅವಕ್ಕೆ ಮತ್ತೆ ಕಡ್ಡಿ ಹಾಕಿಸಿದೆ.

ಎರಡು ತಿಂಗಳಾದ ಮೇಲೆ ಒಂದೊಂದನ್ನೂ ನೋಡಿಸಿದೆ. ಮೊದಲ ಸಲಕ್ಕೇ ನಾಲ್ಕು, ಮರು ಬೆದೆಯಲ್ಲಿ ಎರಡು, ಒಟ್ಟು ಆರು ಗಬ್ಬ. ಸಾಧನ ಬಿದ್ದುಹೋಗಿದ್ದ ಎಮ್ಮೆ ನಿಲ್ಲಲಿಲ್ಲ. ಎಂಟಕ್ಕೆ ಎಂಟೂ ನಿಲ್ಲುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಮೊದಲ ಸಲಕ್ಕೆ ಅರ್ಧ ನಿಂತರೆ ಅದು ಒಳ್ಳೆಯ ಫಲ.

ಎಮ್ಮೆಗೆ ಹತ್ತು ತಿಂಗಳು, ಸುಮಾರು 310 ದಿನ. ಲೆಕ್ಕ ಹಾಕಿದರೆ 2024ರ ಆಗಸ್ಟ್ 10ರ ಆಸುಪಾಸು, ಸರಿಯಾಗಿ ನಾಗರ ಪಂಚಮಿ ಹೊತ್ತು. ಒಂಬತ್ತು ದಿನದಲ್ಲಿ ನಾಲ್ಕು ಕರು. ಎರಡು ಹೆಣ್ಣು, ಎರಡು ಗಂಡು. ಉಂಡಿ ಕಟ್ಟುವುದೂ ಅದೇ ವಾರ, ಕರು ಒರೆಸುವುದೂ ಅದೇ ವಾರ. ಓಣಿಯ ಎಲ್ಲ ಮನೆಗೂ ಗಿಣ್ಣದ ಹಾಲು ಹೋಯಿತು. ಆದರೆ ಎರಡು ಎಮ್ಮೆ ಒಂದೇ ರಾತ್ರಿ ಈಯ್ದಾಗ ನಾವು ಇಬ್ಬರೇ ಇದ್ದೆವು. ಒಂದರ ಮಾಸು ಬೀಳದೆ ಬೆಳಗಿನವರೆಗೂ ಕಾದೆವು. ಎಂಟನ್ನು ಒಟ್ಟಿಗೆ ಮಾಡಿಸುವಷ್ಟು ಆಳು ನಮ್ಮ ಮನೆಯಲ್ಲಿ ಇಲ್ಲ. ಅದಕ್ಕೆ ಈಗ ಸೆಪ್ಟೆಂಬರ್ ಕೊನೆಗೆ ನಾಲ್ಕು, ನವೆಂಬರಿನಲ್ಲಿ ನಾಲ್ಕು ಎಂದು ಮಾಡಿಕೊಂಡಿದ್ದೇವೆ. ಹೊಸ ಕ್ಯಾಲೆಂಡರ್ ಬಂದ ಕೂಡಲೇ ಮೊದಲು ರಜೆ ದಿನಗಳನ್ನು ನೋಡುತ್ತೇನೆ, ಆಮೇಲೆ ಆರು ಸಂಜೆ, ಎರಡು ಬೆಳಗ್ಗೆಗಳಿಗೆ ಕೆಂಪು ಪೆನ್ನಿನಿಂದ ಗುರುತು ಹಾಕುತ್ತೇನೆ. ಸೊಸೆ ಅದರ ಕೆಳಗೆ ಎಮ್ಮೆಗಳ ಹೆಸರು ಬರೆಯುತ್ತಾಳೆ.