ಎತ್ತರದ ಹಸಿರು ಬೇಲಿಯನ್ನು ಬುಡದಿಂದ ಕಟ್ಟಿ

ಹೋದ ವರ್ಷ ಬೇಸಿಗೆಯಲ್ಲಿ ನನ್ನ ತಮ್ಮನ ಮಗಳು ಫೋನ್ ಮಾಡಿದಳು. ಮೈಸೂರಿನ ಹೊರಗೆ ಹೊಸ ಬಡಾವಣೆಯಲ್ಲಿ ಅವಳ ಮನೆ. "ಅತ್ತೆ, ಪಕ್ಕದ ಸೈಟಿನಲ್ಲಿ ಮೂರು ಅಂತಸ್ತಿನ ಮನೆ ಎದ್ದಿತು. ಈಗ ಹಿತ್ತಲಿನಲ್ಲಿ ಕೂತು ಕೂದಲು ಒಣಗಿಸಿಕೊಳ್ಳುವುದಕ್ಕೂ ಸಂಕೋಚವಾಗುತ್ತದೆ. ಬೇಗ ಎತ್ತರಕ್ಕೆ ಬೆಳೆಯುವ ಗಿಡ ಯಾವುದು, ಹೇಳಿ" ಎಂದು ಕೇಳಿದಳು. ಇದೇ ಪ್ರಶ್ನೆಯನ್ನು ನಮ್ಮ ಬೀದಿಯಲ್ಲೂ ಬಹಳ ಜನ ಕೇಳುತ್ತಾರೆ. ನಮ್ಮ ಮನೆಯ ಬೇಲಿಗೆ ಈಗ 26 ವರ್ಷ. ಎತ್ತರ ಎಂಟೂವರೆ ಅಡಿ. ನೆಲದಿಂದ ತುದಿಯವರೆಗೂ ಎಲೆ ತುಂಬಿದೆ, ಆಚೆ ನಿಂತವರ ಸೀರೆಯ ಬಣ್ಣವೂ ಕಾಣುವುದಿಲ್ಲ. ಆದರೆ ಅದಕ್ಕೂ ಮುಂಚೆ ಅದೇ ಜಾಗದಲ್ಲಿ ಎರಡು ಸಲ ಬೇಲಿ ನೆಟ್ಟು ಕಳೆದುಕೊಂಡಿದ್ದೇನೆ. ಹಾಗಾಗಿ ಅವಳಿಗೆ ಗಿಡದ ಹೆಸರು ಹೇಳುವ ಮೊದಲು ಒಂದು ಕೆಲಸ ಹೇಳಿದೆ.

ನೀವು ಯಾವಾಗಲೂ ಕೂರುವ ಜಾಗದಲ್ಲಿ ಕುರ್ಚಿ ಹಾಕಿಕೊಂಡು ಕೂರಿ. ಮನೆಯವರೊಬ್ಬರ ಕೈಗೆ ಉದ್ದನೆಯ ಗಳು ಕೊಟ್ಟು, ಅದರ ತುದಿಗೆ ಒಂದು ಬಟ್ಟೆ ಕಟ್ಟಿ. ಪಕ್ಕದ ಮನೆಯ ಕಿಟಕಿ ಆ ಬಟ್ಟೆಯ ಹಿಂದೆ ಮರೆಯಾಗುವವರೆಗೆ ಗಳುವನ್ನು ಏರಿಸಲಿ. ನಿಮಗೆ ಬೇಕಾದ ಎತ್ತರ ಅಷ್ಟೇ. ಇದೇ ಕೆಲಸವನ್ನು ಒಮ್ಮೆ ಕಾಂಪೌಂಡಿನ ಹತ್ತಿರ, ಇನ್ನೊಮ್ಮೆ ನಿಮ್ಮ ಕುರ್ಚಿಯ ಹತ್ತಿರ ಮಾಡಿ ನೋಡಿದರೆ ಆಶ್ಚರ್ಯವಾಗುತ್ತದೆ. ಕಿಟಕಿ 20 ಅಡಿ ದೂರದಲ್ಲಿ, 15 ಅಡಿ ಎತ್ತರದಲ್ಲಿದೆ ಎಂದುಕೊಳ್ಳಿ. ಕಾಂಪೌಂಡ್ ನಿಮ್ಮಿಂದ 15 ಅಡಿ ಆಚೆ ಇದ್ದರೆ ಅಲ್ಲಿ ನೆಟ್ಟ ಬೇಲಿ 12 ಅಡಿ ಬೆಳೆಯಬೇಕು. ಅದೇ ಬೇಲಿಯನ್ನು ಕುರ್ಚಿಯಿಂದ 4 ಅಡಿಯಲ್ಲಿ ನೆಟ್ಟರೆ 6 ಅಡಿ, ಹೆಚ್ಚೆಂದರೆ ಆರೂವರೆ ಅಡಿ ಸಾಕು. ಅರ್ಧ ಎತ್ತರ, ಅರ್ಧಕ್ಕಿಂತ ಕಡಿಮೆ ಕಾಯುವಿಕೆ. ಎಲ್ಲರೂ ಕಾಂಪೌಂಡಿನ ಉದ್ದಕ್ಕೂ ಗೋಡೆಯಂತೆ ಬೆಳೆಸಲು ಹೊರಡುತ್ತಾರೆ, ಆಮೇಲೆ ಮನೆಗೆ ಬರುವ ಬೆಳಕನ್ನೂ ಕಳೆದುಕೊಳ್ಳುತ್ತಾರೆ. ನನ್ನ ತಮ್ಮನ ಮಗಳ ಹಿತ್ತಲಿನಲ್ಲಿ ಬಾವಿಕಟ್ಟೆಯ ಪಕ್ಕ 12 ಅಡಿ ಉದ್ದದ ಒಂದು ಸಾಲು ಸಾಕಾಯಿತು.

ಇನ್ನು ಮಣ್ಣು. ನನ್ನ ಮೊದಲ ಬೇಲಿ ಹಾಳಾಗಿದ್ದು ಇದರಿಂದಲೇ. ಹೊಸ ಮನೆಯ ಕಾಂಪೌಂಡಿನ ಬುಡದಲ್ಲಿ ಗಾರೆ ಕೆಲಸದವರು ಉಳಿದ ಸಿಮೆಂಟು, ಸುಣ್ಣ, ಇಟ್ಟಿಗೆ ಚೂರು ಎಲ್ಲವನ್ನೂ ಹೂತಿರುತ್ತಾರೆ, ಮೇಲೆ ನಾಲ್ಕು ಬಾಂಡ್ಲಿ ಕೆಂಪು ಮಣ್ಣು ಹರಡಿರುತ್ತಾರೆ. ಅಲ್ಲಿ ನೆಟ್ಟ ಗಿಡದ ಹೊಸ ಎಲೆಗಳು ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿಯುತ್ತವೆ. ಸುಣ್ಣದ ಅಂಶ ಹೆಚ್ಚಾದ ಮಣ್ಣಿನಲ್ಲಿ ಬೇರಿಗೆ ಕಬ್ಬಿಣದ ಅಂಶ ಸಿಗುವುದಿಲ್ಲ. ನಾನು ಅದನ್ನು ಗೊಬ್ಬರದ ಕೊರತೆ ಎಂದುಕೊಂಡು ಎರಡು ವರ್ಷ ಗೊಬ್ಬರ ಸುರಿದೆ. ಕೊನೆಗೆ ಅಗೆದಾಗ ಒಂದು ಅಡಿ ಕೆಳಗೆ ಗಟ್ಟಿ ಸಿಮೆಂಟಿನ ಹಾಸು ಸಿಕ್ಕಿತು. ಆದ್ದರಿಂದ ಗುಂಡಿ ಗುಂಡಿಯಾಗಿ ತೋಡಬೇಡಿ. ಸಾಲಿನ ಉದ್ದಕ್ಕೂ ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಆಳದ ಕಾಲುವೆ ತೆಗೆಸಿ. ಮೇ ತಿಂಗಳಲ್ಲಿ ತೋಡಿ ಹದಿನೈದು ದಿನ ಬಿಸಿಲಿಗೆ ಬಿಡಿ. ಚೂರುಪಾರು ಆರಿಸಿ ತೆಗೆದು, ಮಣ್ಣಿನ ಜೊತೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿ, ಗಿಡಕ್ಕೊಂದು ಹಿಡಿ ಬೇವಿನ ಹಿಂಡಿ ಹಾಕಿ. ನಮ್ಮ ಕೆಂಪು ಮಣ್ಣಿನಲ್ಲಿ ಗೆದ್ದಲಿನ ಕಾಟ ಇದ್ದೇ ಇರುತ್ತದೆ, ಹಸಿ ಗೊಬ್ಬರ ಹಾಕಿದರೆ ಅದನ್ನು ಕರೆದು ಕೂರಿಸಿದಂತೆ. ಗೋಡೆಗೂ ಸಾಲಿಗೂ ನಡುವೆ ಎರಡೂವರೆ ಅಡಿ ಬಿಡಿ. ಈಗ ಆ ಜಾಗ ವ್ಯರ್ಥ ಎನಿಸಬಹುದು. ಐದು ವರ್ಷದ ಮೇಲೆ ಆಚೆ ಬದಿಯನ್ನು ಸವರಲು ನಿಂತಾಗ ಅದರ ಬೆಲೆ ತಿಳಿಯುತ್ತದೆ.

ಗಿಡದ ಆಯ್ಕೆಗೆ ಬರುತ್ತೇನೆ. ನಮ್ಮಲ್ಲಿ ಈಗಿರುವುದು ನರ್ಸರಿಯವರು ಕಾಮಿನಿ ಎಂದು ಮಾರುವ ಕಾಡುಕರಿಬೇವು. ಎಲೆ ಚಿಕ್ಕದು, ಕಡುಹಸಿರು, ವರ್ಷವಿಡೀ ಉದುರದೆ ನಿಲ್ಲುತ್ತದೆ. ಮಳೆ ಬಿದ್ದ ಕೆಲವು ದಿನಕ್ಕೆ ಬಿಳಿ ಹೂ ಬಿಟ್ಟು ಸಂಜೆ ಹೊತ್ತು ಇಡೀ ಹಿತ್ತಲು ಘಮಘಮಿಸುತ್ತದೆ. ಅರ್ಧ ನೆರಳನ್ನೂ ಸಹಿಸುತ್ತದೆ, ಎಷ್ಟು ಸವರಿದರೂ ಬೇಸರಿಸದೆ ಚಿಗುರುತ್ತದೆ. ನಿಧಾನ ಎನ್ನುವುದು ಒಂದು ಕೊರತೆ. ಇನ್ನೊಂದು ಕೊರತೆಯನ್ನು ನರ್ಸರಿಯಲ್ಲಿ ಯಾರೂ ಹೇಳುವುದಿಲ್ಲ: ನಿಂಬೆ, ಕಿತ್ತಳೆ, ಮೋಸಂಬಿಗೆ ಹಸಿರು ರೋಗ ಹರಡುವ ಸಿಲ್ಲಿಡ್ ಎಂಬ ಸಣ್ಣ ಕೀಟಕ್ಕೆ ಕಾಡುಕರಿಬೇವಿನ ಚಿಗುರು ಬಹಳ ಇಷ್ಟ. ಮನೆಯಲ್ಲಿ ನಿಂಬೆ ಗಿಡ ಇದ್ದರೆ, ಅದರಲ್ಲೂ ಚೆನ್ನಾಗಿ ಕಾಯಿ ಬಿಡುವ ಗಿಡವಾಗಿದ್ದರೆ, ಕಾಮಿನಿ ಬೇಲಿಯ ಆಸೆ ಬಿಡಿ.

ಆಗ ದಾಸವಾಳ ಇದೆ. ಒಳ್ಳೆಯ ಬಿಸಿಲು ಬೀಳುವ ಕಡೆ ಇದರಷ್ಟು ಉಪಕಾರಿ ಬೇಲಿ ಇನ್ನೊಂದಿಲ್ಲ ಎಂದೇ ನನ್ನ ಅಭಿಪ್ರಾಯ. ಬೆರಳು ದಪ್ಪದ ಕಡ್ಡಿ ಕತ್ತರಿಸಿ ಮಳೆಗಾಲದಲ್ಲಿ ನೆಟ್ಟರೆ ಬೇರು ಬಿಡುತ್ತದೆ, ಖರ್ಚಿಲ್ಲ. ಎಂಟು ಅಡಿ ಸುಲಭವಾಗಿ ಏರುತ್ತದೆ. ದೇವರಿಗೆ ಹೂ, ತಲೆಗೆ ಎಲೆಯ ಲೋಳೆ ಎರಡೂ ಸಿಗುತ್ತವೆ. ಹಳೆಯ ಒಂಟಿ ಸುತ್ತಿನ ಕೆಂಪು ದಾಸವಾಳವನ್ನೇ ಹುಡುಕಿ, ದೊಡ್ಡ ಹೂವಿನ ಹೊಸ ತಳಿಗಳು ಬೇಲಿಗೆ ಬೇಕಾದ ಗಟ್ಟಿತನ ತೋರುವುದಿಲ್ಲ. ಹಿಟ್ಟು ತಿಗಣೆ ಮಾತ್ರ ಕಾಡುತ್ತದೆ. ಕೊಂಬೆಯ ಮೇಲೆ ಇರುವೆ ಸಾಲು ಓಡಾಡುತ್ತಿದ್ದರೆ ತಿಗಣೆ ಬಂದಿದೆ ಎಂದೇ ಅರ್ಥ. ಒಂದು ಲೀಟರ್ ನೀರಿಗೆ 5 ಮಿಲಿಲೀಟರ್ ಬೇವಿನ ಎಣ್ಣೆ, ಸ್ವಲ್ಪ ಸೋಪಿನ ನೀರು ಬೆರೆಸಿ ಇಳಿಹೊತ್ತಿನಲ್ಲಿ ಸಿಂಪಡಿಸಿ. ಬಿಳಿ ಹಿಟ್ಟು ದಟ್ಟವಾಗಿ ಕೂತ ಕುಡಿಯನ್ನು ಕತ್ತರಿಸಿ ಸುಟ್ಟುಬಿಡಿ.

ಜಾಗ ತೀರಾ ಕಿರಿದು, ನಿಜವಾಗಿಯೂ 15-20 ಅಡಿ ಎತ್ತರವೇ ಬೇಕು ಎನ್ನುವವರಿಗೆ ಕಂಬದಂತೆ ಬೆಳೆಯುವ ಅಶೋಕ. ಸೀತೆಯ ಅಶೋಕವನವನ್ನು ನೆನಪಿಸುವ ಕೆಂಪು ಹೂವಿನ ಮರ ಬೇರೆ, ಇದು ಬೇರೆ. ಕೊಂಬೆಗಳು ಕೆಳಗೆ ಜೋತು ಕಾಂಡಕ್ಕೆ ಅಂಟಿಕೊಂಡಿರುವುದರಿಂದ ಮೂರು ನಾಲ್ಕು ಅಡಿಗೊಂದರಂತೆ ನೆಡಬಹುದು. ಇದರ ಕೊಂಬೆಗಳನ್ನು ಸವರಬೇಡಿ, ಜೋತ ಎಲೆಯೇ ಅದರ ಮರೆ. ಹಣ್ಣಿನ ಕಾಲದಲ್ಲಿ ರಾತ್ರಿ ಬಾವಲಿ ಬಂದು ಬೀಜ ಉದುರಿಸುತ್ತವೆ. ಬೆಳಗ್ಗೆ ಅಂಗಳ ಗುಡಿಸುವ ಕೆಲಸ ಹೆಚ್ಚುತ್ತದೆ ಎಂದು ಗೊತ್ತಿದ್ದರೆ ಸಾಕು.

ಬಯಲುಸೀಮೆಯ ಒಣ ಹವೆಯಲ್ಲಿ ಮದರಂಗಿ, ಕಣಿಗಲೆ ನೀರಿಲ್ಲದೆಯೂ ಬದುಕುತ್ತವೆ. ಕಣಿಗಲೆಯನ್ನು ದನ ಮೇಕೆ ಮುಟ್ಟುವುದಿಲ್ಲ, ಏಕೆಂದರೆ ಅದರ ಎಲೆ, ಕಡ್ಡಿ, ಹೂ ಎಲ್ಲವೂ ವಿಷ. ಅಂಬೆಗಾಲಿಡುವ ಮಗು ಇರುವ ಮನೆಯಲ್ಲಿ ನಾನು ಅದನ್ನು ನೆಡಲು ಖಂಡಿತ ಹೇಳುವುದಿಲ್ಲ, ಸವರಿದ ಕಡ್ಡಿಯನ್ನು ಒಲೆಗೆ ಹಾಕಲೂ ಬಾರದು. ದನ, ಕಳ್ಳರ ಭಯ ಇರುವ ತೋಟದ ಮನೆಗೆ ಕವಳಿ ಬಹಳ ಒಳ್ಳೆಯದು. ಸದಾ ಹಸಿರು, ಕವಲೊಡೆದ ಗಟ್ಟಿ ಮುಳ್ಳು, ಉಪ್ಪಿನಕಾಯಿಗೆ ಕಾಯಿ. ಬ್ರಿಟಿಷರು ಉಪ್ಪಿನ ಕಳ್ಳಸಾಗಣೆ ತಡೆಯಲು ಉತ್ತರ ಭಾರತದ ಉದ್ದಕ್ಕೂ ಬೆಳೆಸಿದ್ದ ಮುಳ್ಳುಬೇಲಿಯಲ್ಲೂ ಕವಳಿ ಇತ್ತಂತೆ, 1879ರಲ್ಲಿ ಆ ಸುಂಕದ ಗಡಿಯನ್ನೇ ಕೈಬಿಟ್ಟರು. ನಮ್ಮ ಶ್ರೀರಂಗಪಟ್ಟಣದ ಸುತ್ತಲೂ 1792ರ ಯುದ್ಧದ ಕಾಲದಲ್ಲಿ ದಟ್ಟವಾದ ಮುಳ್ಳುಬೇಲಿ ಇತ್ತು. ಬೇಲಿ ಬೆಳೆಸುವ ವಿದ್ಯೆ ನಮಗೆ ಹೊಸದಲ್ಲ, ಸಿಮೆಂಟು ಬಂದ ಮೇಲೆ ಮರೆತೆವು.

ಕೊನೊಕಾರ್ಪಸ್ ಬಗ್ಗೆ ಒಂದು ಮಾತು ಹೇಳಲೇಬೇಕು. "ವರ್ಷದಲ್ಲಿ ಗೋಡೆ ಎದ್ದಂತೆ ಎದ್ದು ನಿಲ್ಲುತ್ತದೆ" ಎಂದು ಮಾರುತ್ತಾರೆ, ಎದ್ದು ನಿಲ್ಲುವುದೂ ನಿಜ. ಅದರ ಬೇರು ನೀರಿನ ಪೈಪು, ಚರಂಡಿಗಳನ್ನು ಹುಡುಕಿಕೊಂಡು ಹೋಗುತ್ತದೆ, ಪರಾಗದಿಂದ ಉಸಿರಾಟದ ತೊಂದರೆಯಾಗುತ್ತದೆ ಎಂಬ ದೂರುಗಳಿವೆ. ಗುಜರಾತಿನಲ್ಲಿ 2023ರಲ್ಲಿ ಅದನ್ನು ನೆಡುವುದನ್ನೇ ನಿಷೇಧಿಸಿದರು. ದಯವಿಟ್ಟು ತರಬೇಡಿ.

ನೆಡುವ ಕಾಲ ಮೃಗಶಿರಾ ಮಳೆಯಿಂದ ಪುನರ್ವಸು ಮಳೆಯವರೆಗೆ, ಅಂದರೆ ಜೂನ್ ಎರಡನೆಯ ವಾರದಿಂದ ಜುಲೈ ನಡುವಿನವರೆಗೆ. ದಾಸವಾಳ, ಕಾಮಿನಿಗಳನ್ನು ಎರಡು ಸಾಲಾಗಿ, ಒಂದು ಸಾಲಿನ ಗಿಡ ಇನ್ನೊಂದು ಸಾಲಿನ ಎರಡು ಗಿಡಗಳ ನಡುವೆ ಬರುವಂತೆ, ಎರಡು ಅಡಿ ಅಂತರದಲ್ಲಿ ನೆಡಿ. ನರ್ಸರಿಯಲ್ಲಿ ಐದಡಿ ಎತ್ತರದ, ಬುಡ ಬೋಳಾದ ಗಿಡ ತೋರಿಸಿ ಹೆಚ್ಚು ಹಣ ಕೇಳುತ್ತಾರೆ. ಒಂದೂವರೆ ಅಡಿಯ, ಬುಡದಿಂದಲೇ ಕವಲೊಡೆದ ಗಿಡ ಕೇಳಿ ತನ್ನಿ.

ಈಗ ಮುಖ್ಯ ಕೆಲಸ, ಎಲ್ಲರೂ ತಪ್ಪುವ ಕೆಲಸ. ನನ್ನ ಎರಡನೆಯ ಬೇಲಿ ಹಾಳಾಗಿದ್ದು ಇಲ್ಲಿ. ದಾಸವಾಳ ಚೆನ್ನಾಗಿ ಏರುತ್ತಿದೆ ಎಂಬ ಸಂತೋಷದಲ್ಲಿ ಎರಡು ವರ್ಷ ಕತ್ತರಿ ಮುಟ್ಟಲಿಲ್ಲ. ತಲೆಯ ಮೇಲೆ ಛತ್ರಿಯಂತೆ ಎಲೆ, ಕೆಳಗೆ ಬರೀ ಕಡ್ಡಿ. ಬೀದಿಯಲ್ಲಿ ಹೋಗುವವರಿಗೆ ನಮ್ಮ ಮುಖ ಬಿಟ್ಟು ಮಿಕ್ಕೆಲ್ಲವೂ ಕಾಣುತ್ತಿತ್ತು. ಗಿಡ ಮಂಡಿಯೆತ್ತರ ಬಂದ ಕೂಡಲೇ ಮೇಲಿನ ಮೂರನೆಯ ಒಂದು ಭಾಗ ಕತ್ತರಿಸಬೇಕು. ಕುಡಿ ಇರುವವರೆಗೆ ಗಿಡ ಮೇಲಕ್ಕೇ ಓಡುತ್ತದೆ, ಕುಡಿ ಹೋದರೆ ಪಕ್ಕದ ಕಣ್ಣುಗಳು ಒಡೆಯುತ್ತವೆ. ಮತ್ತೆ ಒಂದು ಅಡಿ ಬೆಳೆದರೆ ಅರ್ಧ ಅಡಿ ತೆಗೆಯಿರಿ. ಮೊದಲ ಮೂರು ವರ್ಷ ಇದೇ ಕ್ರಮ. ಮನಸ್ಸು ಬಾರದು, ನನಗೂ ಕೈ ನಡುಗಿತ್ತು. ಬುಡ ತುಂಬಿದ ಬೇಲಿಯನ್ನು ಆಮೇಲೆ ಎಷ್ಟು ಎತ್ತರಕ್ಕೆ ಬೇಕಾದರೂ ಬಿಡಬಹುದು, ಬುಡ ಬೋಳಾದದ್ದನ್ನು ತುಂಬಿಸುವುದು ಬಹಳ ಕಷ್ಟ. ಸವರುವಾಗ ದಾರ ಕಟ್ಟಿಕೊಂಡು, ಬುಡ ಅಗಲ, ತುದಿ ಕಿರಿದಾಗುವಂತೆ ಸವರಿ. ಬುಡ ಎರಡೂವರೆ ಅಡಿ ದಪ್ಪವಿದ್ದರೆ ತುದಿ ಒಂದೂವರೆ ಅಡಿ ಇರಲಿ. ಹಾಗಿದ್ದರೆ ಮಾತ್ರ ಕೆಳಗಿನ ಎಲೆಗೂ ಬಿಸಿಲು ಸಿಗುತ್ತದೆ. ದೊಡ್ಡ ಕತ್ತರಿ ಬಳಸುವುದಾದರೆ ಚಿಕ್ಕ ಎಲೆಯ ಕಾಮಿನಿಗೆ ಸರಿ. ದಾಸವಾಳದ ಎಲೆ ಅರ್ಧಕ್ಕೆ ಕತ್ತರಿಸಿ ಹೋಗುವುದರಿಂದ ಕೈಗತ್ತರಿಯಲ್ಲಿ ಕೊಂಬೆ ಕೊಂಬೆಯಾಗಿ ತೆಗೆಯಿರಿ.

ಬೇಲಿ ಬೆಳೆಯುವವರೆಗೆ ಏನು ಮಾಡುವುದು ಎಂದು ಕೇಳುತ್ತೀರಿ. ಸಾಲಿನಿಂದ ಎರಡೂವರೆ ಅಡಿ ಈಚೆ ತೊಗರಿ ಬಿತ್ತಿ. ಜೂನ್‌ನಲ್ಲಿ ಬಿತ್ತಿದ್ದು ದೀಪಾವಳಿ ಕಳೆಯುವ ಹೊತ್ತಿಗೆ ಆಳೆತ್ತರ ನಿಂತು ಮರೆ ಮಾಡುತ್ತದೆ, ಮಣ್ಣಿಗೆ ಸಾರಜನಕ ಕೊಡುತ್ತದೆ, ಸಂಕ್ರಾಂತಿಯ ಸುಮಾರಿಗೆ ಹಸಿ ತೊಗರಿಕಾಯಿಯ ಸಾರೂ ಆಗುತ್ತದೆ. ಹೆಚ್ಚು ನೆರಳು ಮಾಡಿದರೆ ಬೇಲಿಯ ಕಡೆಯ ಕೊಂಬೆಗಳನ್ನು ಮುರಿದುಹಾಕಿ.

ನೀರು ಮೊದಲ ಎರಡು ಬೇಸಿಗೆ ತಪ್ಪಬಾರದು. ದಿನಾ ಚಿಮುಕಿಸುವುದಕ್ಕಿಂತ ನಾಲ್ಕೈದು ದಿನಕ್ಕೊಮ್ಮೆ ಬುಡ ತುಂಬ ನಿಲ್ಲಿಸಿ, ಮೇಲೆ ಒಣ ಎಲೆ ಹೊದಿಸಿ. ಹೊದಿಕೆ ಕಾಂಡಕ್ಕೆ ತಾಗದಿರಲಿ. ಬೇಲಿ ದೊಡ್ಡದಾದ ಮೇಲೆ ಬುಡದಲ್ಲಿ ಕಸ, ಒಡೆದ ಕುಂಡ, ತೆಂಗಿನ ಚಿಪ್ಪು ಸೇರಲು ಬಿಡಬೇಡಿ. ಹಾವಿಗೆ, ಸೊಳ್ಳೆಗೆ ಅದೇ ಮನೆ. ಬೇಲಿಯ ಪಕ್ಕ ತರಕಾರಿ ಮಡಿ ಇದ್ದರೆ ವರ್ಷಕ್ಕೊಮ್ಮೆ ನಡುವೆ ಒಂದು ಅಡಿ ಆಳ ಗುದ್ದಲಿ ಹಾಕಿ ಬೇರು ಕಡಿಯಿರಿ. ಇಲ್ಲದಿದ್ದರೆ ಬೇಲಿಯೇ ಎದ್ದು ಹೊಲ ಮೇಯುವುದು ಏನೆಂದು ಬದನೆ ಗಿಡಗಳು ತೋರಿಸುತ್ತವೆ.

ಆಗಲೇ ಬುಡ ಬೋಳಾದ ದಾಸವಾಳದ ಬೇಲಿ ಇರುವವರು ನಿರಾಶರಾಗಬೇಡಿ. ಮಳೆ ಹಿಡಿದ ಮೇಲೆ ಒಂದು ಬದಿಯ ಕೊಂಬೆಗಳನ್ನು ಮಾತ್ರ ನೆಲದಿಂದ ಒಂದೂವರೆ ಅಡಿಗೆ ಕಡಿದು ಗೊಬ್ಬರ ಕೊಡಿ, ಇನ್ನೊಂದು ಬದಿಯನ್ನು ಮುಂದಿನ ವರ್ಷ ಕಡಿಯಿರಿ. ಮರೆ ಪೂರ್ತಿ ಹೋಗುವುದಿಲ್ಲ. ಥೂಜಾ, ಸೈಪ್ರೆಸ್ ಜಾತಿಗೆ ಇದನ್ನು ಮಾಡಬಾರದು. ಎಲೆಯಿಲ್ಲದ ಹಳೆಯ ಕೊಂಬೆಯಿಂದ ಅವು ಮತ್ತೆ ಚಿಗುರುವುದಿಲ್ಲ.

ನೆಡುವ ಮುಂಚೆ ಪಕ್ಕದ ಮನೆಗೆ ಹೋಗಿ ಒಂದು ಮಾತು ಹೇಳಿ ಬನ್ನಿ. ಅವರ ಅಡುಗೆಮನೆಯ ಬೆಳಕು, ಅವರ ತುಳಸಿಕಟ್ಟೆಯ ಬಿಸಿಲು ನಿಮ್ಮ ಬೇಲಿಯಿಂದ ಕಡಿಮೆಯಾಗುತ್ತದೆಯೇ ಎಂದು ಅಲ್ಲಿ ನಿಂತೇ ನೋಡಬೇಕು. ಗೇಟಿನ ಎರಡೂ ಪಕ್ಕ ಆರಡಿ ದೂರದವರೆಗೆ ಬೇಲಿಯನ್ನು ಎರಡೂವರೆ ಅಡಿಗೆ ಇಳಿಸಿ, ಗಾಡಿ ತೆಗೆಯುವಾಗ ಬೀದಿಯ ಮಕ್ಕಳು ಕಾಣಬೇಕು. ವಿದ್ಯುತ್ ತಂತಿಯ ಕೆಳಗೆ ಅಶೋಕ ಬೇಡವೇ ಬೇಡ.

ನನ್ನ ತಮ್ಮನ ಮಗಳು ಹೋದ ಮೃಗಶಿರಾದಲ್ಲಿ 12 ಕಾಮಿನಿ ಗಿಡ ನೆಟ್ಟಳು. ತೊಗರಿ ಕೊಯ್ದು ಮುಗಿದಿದೆ, ಬೇಲಿ ಸೊಂಟದೆತ್ತರ ಬಂದಿದೆ, ಬುಡದಲ್ಲಿ ಕೈ ತೂರಿಸಲು ಜಾಗವಿಲ್ಲ. ಮೊನ್ನೆ ಆರಿದ್ರಾ ಮಳೆ ಬಿಡುವು ಕೊಟ್ಟ ದಿನ ಇಬ್ಬರೂ ಕತ್ತರಿ ಹಿಡಿದು ಹೋದೆವು. ಬೇಲಿ ಮುಟ್ಟುವ ಮುಂಚೆ ಎಲೆ ಸರಿಸಿ ಒಳಗೆ ನೋಡುವುದು ನನ್ನ ಪದ್ಧತಿ. ಹತ್ತಿರದ ದಾಸವಾಳದ ಎಲೆಯೊಂದು ಸಾಲಿನ ಕೊನೆಯ ಗಿಡಕ್ಕೆ ಒರಗಿತ್ತು. ಅದನ್ನೇ ಸುರುಳಿ ಮಾಡಿ ಹೊಲಿದು ಸಿಂಪಿಗ ಹಕ್ಕಿ ಗೂಡು ಕಟ್ಟಿತ್ತು, ಒಳಗೆ ಮೂರು ಮೊಟ್ಟೆ. ಹನ್ನೊಂದು ಗಿಡ ಸವರಿ, ಅದೊಂದನ್ನು ಹಾಗೆಯೇ ಬಿಟ್ಟು ಬಂದಿದ್ದೇವೆ. ಮರಿ ಹಾರಿಹೋಗಲು ಸುಮಾರು ಒಂದು ತಿಂಗಳು ಬೇಕು, ಆ ಗಿಡದ ಸರದಿ ಆಮೇಲೆ.