ರೇಸ್ ಪುಸ್ತಕ ಓದುವಾಗ ನಾನು ಮೊದಲು ನೋಡುವುದು ತೂಕ

ರೇಸ್ ಪುಸ್ತಕ ಕೈಗೆ ಬಂದ ಕೂಡಲೇ ಹೆಚ್ಚಿನವರ ಕಣ್ಣು ಹೋಗುವುದು ಕುದುರೆಯ ಹೆಸರಿನ ಪಕ್ಕದ 3-0-2-1ರಂಥ ಅಂಕಿಗಳ ಮೇಲೆ, ಅಂದರೆ ಹಿಂದಿನ ರೇಸುಗಳಲ್ಲಿ ಅದು ಎಷ್ಟನೆಯದಾಗಿ ಬಂತು ಎಂಬುದರ ಮೇಲೆ. ನಾನು ಅದನ್ನು ಕಡೆಗೆ ನೋಡುತ್ತೇನೆ. ಎಷ್ಟು ತೂಕ ಹೊತ್ತು, ಎಷ್ಟು ಅಂತರದಲ್ಲಿ, ಎಂಥ ಕುದುರೆಗಳ ಎದುರು ಎರಡನೆಯದಾಯಿತು ಎಂಬುದು ಆ ‘2’ರಲ್ಲಿ ಇರುವುದಿಲ್ಲ. ಮೊದಲ ಕೆಲವು ಸ್ಥಾನಗಳಲ್ಲಿ ಬರಲಿಲ್ಲ ಎನ್ನುವ ಸೊನ್ನೆ ಕಂಡೊಡನೆ ಕೈಬಿಡಲೂಬಾರದು. 1200 ಮೀಟರಿನ ಕುದುರೆಯನ್ನು 1800ಕ್ಕೆ ಇಳಿಸಿದ್ದರೆ ಸೊನ್ನೆ ಬರುವುದೇ ಸಹಜ.

ಹಾಸನದಲ್ಲಿ ಕೂತು ಮೈಸೂರು, ಬೆಂಗಳೂರಿನ ರೇಸ್ ಗಮನಿಸುವ ನಮಗೆ, ರೇಸಿಗೆ ಮೊದಲು ಕುದುರೆಗಳನ್ನು ನಡೆಸುವ ಪ್ಯಾಡಕ್‌ನಲ್ಲಿ ಕುದುರೆಯ ನಡಿಗೆ ನೋಡುವ ಅನುಕೂಲ ಕಡಿಮೆ. ಹಾಗಾಗಿ ಕಾಗದದ ಲೆಕ್ಕವೇ ಗಟ್ಟಿಯಾಗಿರಬೇಕು.

ಹ್ಯಾಂಡಿಕ್ಯಾಪ್ ರೇಸ್ ಅಂದರೆ ಬಲವಾದ ಕುದುರೆಗೆ ಹೆಚ್ಚು ತೂಕ ಹೊರಿಸುವ ರೇಸ್. ಅದರಲ್ಲಿ ರೇಟಿಂಗಿನ, ಅಂದರೆ ಕುದುರೆಯ ಸಾಮರ್ಥ್ಯಕ್ಕೆ ಕೊಟ್ಟ ಅಂಕದ, ಒಂದು ಅಂಕಕ್ಕೆ ಅರ್ಧ ಕಿಲೋ. 1000 ಮೀಟರಿನಲ್ಲಿ ಒಂದು ಕುದುರೆಯ ಉದ್ದದಷ್ಟು ಅಂತರಕ್ಕೆ, ಅಂದರೆ ಒಂದು ಲೆಂಗ್ತ್‌ಗೆ ಸುಮಾರು ಒಂದೂವರೆ ಕಿಲೋ, 1600ರಲ್ಲಿ ಸುಮಾರು ಒಂದು ಕಿಲೋ ಎಂದು ಹಿಡಿಯುತ್ತೇನೆ. 1200ಕ್ಕೆ 1.3. ದೂರ ಹೆಚ್ಚಿದಂತೆ ಅದೇ ತೂಕ ಕುದುರೆಯನ್ನು ಹೆಚ್ಚು ಹಿಂದಕ್ಕೆ ಎಳೆಯುತ್ತದೆ.

ಒಂದು ಲೆಕ್ಕ ನೋಡಿ. 1200 ಮೀಟರಿನಲ್ಲಿ ಒಂದು ಕುದುರೆ 56 ಕಿಲೋ ಹೊತ್ತು, 52 ಹೊತ್ತ ಇನ್ನೊಂದಕ್ಕೆ ಎರಡು ಲೆಂಗ್ತ್‌ನಿಂದ ಸೋತಿತು. ಗೆದ್ದದ್ದಕ್ಕೆ, ರೇಟಿಂಗ್ ನಿಗದಿ ಮಾಡುವ ಹ್ಯಾಂಡಿಕ್ಯಾಪರ್ 7 ಅಂಕ ಏರಿಸಿದ. ಈಗ ಅದಕ್ಕೆ 55.5, ಸೋತದ್ದಕ್ಕೆ ಅದೇ 56. ಮೂರೂವರೆ ಕಿಲೋ ಅಂದರೆ ಸುಮಾರು 2.7 ಲೆಂಗ್ತ್. ಕಾಗದದ ಮೇಲೆ ಸೋತ ಕುದುರೆ ಈಗ ಮುಕ್ಕಾಲು ಲೆಂಗ್ತ್ ಮುಂದೆ. ಆದರೆ ಸ್ಟಾರ್ಟಿಂಗ್ ಗೇಟಿನಿಂದ ತುಸು ತಡವಾಗಿ ಹೊರಟರೂ ಇಷ್ಟು ಅಂತರ ಅಳಿಸಿಹೋಗುತ್ತದೆ. ಗೆದ್ದದ್ದು ಮೂರು ವರ್ಷದ ಕುದುರೆಯಾಗಿದ್ದರೆ ಅದು ಇನ್ನೂ ಬೆಳೆಯುತ್ತಿರುತ್ತದೆ, ರೇಟಿಂಗ್ ಅದರ ನಿಜವಾದ ಬಲಕ್ಕಿಂತ ಹಿಂದೆ ಉಳಿಯುತ್ತದೆ. ಅಂಥದ್ದನ್ನು ತೂಕದ ಲೆಕ್ಕವೊಂದರಿಂದಲೇ ತಳ್ಳಿಹಾಕಬೇಡಿ.

ಅಂತರ ಇಷ್ಟು ಸಣ್ಣದಾದಾಗ ಬೆಳಗಿನ ಅಭ್ಯಾಸದ ಓಟದ ದಾಖಲೆಯಾದ ಟ್ರ್ಯಾಕ್‌ವರ್ಕ್ ತೆರೆಯುತ್ತೇನೆ. ಬೆಳಗಿನ ಓಟವನ್ನು ‘1000-1-06, 800-52, 600-39’ ಎಂದು ಬರೆದಿರುತ್ತಾರೆ. ಆಯಾ ಗುರುತಿನಿಂದ ಓಟದ ಕೊನೆಯವರೆಗಿನ ಸಮಯ ಅದು; 1-06 ಅಂದರೆ ಒಂದು ನಿಮಿಷ ಆರು ಸೆಕೆಂಡು. ಕಳೆದು ನೋಡಿ: ಮೊದಲ 200ಕ್ಕೆ 14 ಸೆಕೆಂಡು, ಮುಂದಿನ 200ಕ್ಕೆ 13, ಉಳಿದ 600ಕ್ಕೆ 39, ಅಂದರೆ ಅಲ್ಲೂ 200ಕ್ಕೆ 13ರಂತೆ. ವೇಗ ಕೊನೆಯವರೆಗೂ ನಿಂತಿದೆ. ‘1000-1-06, 800-53, 600-41’ ಕೂಡ ಅದೇ 1-06. ಆದರೆ ಇಲ್ಲಿ 13, 12 ಆಗಿ ಕಡೆಯ 600 ಕುಸಿದಿದೆ. ಒಟ್ಟು ಸಮಯ ಮಾತ್ರ ನೋಡುವವರು ಎಡವುವುದು ಇಲ್ಲೇ. ‘ಸಲೀಸಾಗಿ ಓಡಿತು’ ಎಂಬ ಟಿಪ್ಪಣಿಯಿದ್ದರೆ ಆ ಸಮಯಕ್ಕೆ ಇನ್ನೂ ಬೆಲೆ ಹೆಚ್ಚು.

ಮಳೆಯ ವಿಚಾರದಲ್ಲಿ ಎಚ್ಚರ. ಸಕಲೇಶಪುರದಲ್ಲಿ ಸುರಿಯಿತೆಂದು ಮೈಸೂರಿನ ಟ್ರ್ಯಾಕ್ ಒದ್ದೆಯಾಗಿರುತ್ತದೆ ಎಂದುಕೊಳ್ಳಬೇಡಿ. ಟ್ರ್ಯಾಕಿನ ನೆಲ ಎಷ್ಟು ಮೆತ್ತಗಿದೆ ಎಂದು ಅಳೆಯುವ ಪೆನೆಟ್ರೋಮೀಟರ್ ಅಂಕಿ ನೋಡಿ. ಅಂಕಿ ದೊಡ್ಡದಾದಷ್ಟೂ ನೆಲ ಮೆತ್ತಗೆ. ಗಟ್ಟಿ ನೆಲದಲ್ಲಿ ಬಂದ ಸಮಯವನ್ನು ಮೆತ್ತನೆ ನೆಲದ ಸಮಯದ ಪಕ್ಕ ಇಟ್ಟು ಹೋಲಿಸಿದರೆ ಲೆಕ್ಕ ಕೆಡುತ್ತದೆ.

ರೇಸಿನ ದಿನ ಜಾಕಿ ಬದಲಾದರೆ ತೂಕ ಮತ್ತೆ ನೋಡಬೇಕು. ಇನ್ನೂ ಕಲಿಯುತ್ತಿರುವ ಅಪ್ರೆಂಟಿಸ್ ಜಾಕಿಗೆ ಸಿಗುತ್ತಿದ್ದ ತೂಕದ ರಿಯಾಯಿತಿ, ಅವನ ಬದಲು ಅನುಭವಿ ಜಾಕಿ ಏರಿದರೆ ಕುದುರೆಗೆ ಉಳಿಯುವುದಿಲ್ಲ. ಇನ್ನು ಭಾರ ಹೊತ್ತ ಕುದುರೆಗಳು ಹಿಂದೆ ಸರಿದು ಉಳಿದವುಗಳ ತೂಕ ಏರಿಸಿದಾಗ ಗಾಬರಿ ಬೇಡ. ಎಲ್ಲಕ್ಕೂ ಒಂದೇ ಸಮ ಏರಿಸಿರುತ್ತಾರೆ, ಪರಸ್ಪರ ವ್ಯತ್ಯಾಸ ಹಾಗೇ ಇರುತ್ತದೆ.